ಬಿಡಲು ಬಂದವರೂ ಕೂರಲಿ

ಶಿರಸಿ ಪೇಟೆಯಲ್ಲಿ ಇಬ್ಬರು ತಾಯಂದಿರು ಎದುರಾದರೆ ಮಳೆಯ ಸುದ್ದಿ, ಅಡಿಕೆ ದರದ ಸುದ್ದಿ ಮುಗಿದ ಮೇಲೆ ಬರುವ ಮೂರನೆಯ ಮಾತು, ‘ಕೂಸ್ನ ಯಾವ ಕ್ಲಾಸಿಗೆ ಹಾಕಿದ್ಯೇ?’ ಎನ್ನುವುದು. ಭರತನಾಟ್ಯ, ಹಿಂದೂಸ್ತಾನಿ ಗಾಯನ, ತಬಲಾ, ಚಿತ್ರಕಲೆ, ಕೀಬೋರ್ಡು, ಯಕ್ಷಗಾನ, ಬೇಸಿಗೆ ಬಂದರೆ ನಾಟಕದ ಶಿಬಿರ. ಊರಿನ ಗಾತ್ರ ನೋಡಿದರೆ ಇಲ್ಲಿನ ಕಲಾ ತರಗತಿಗಳು ಬಹಳವೇ ಆದವು. ಸಂಜೆ ಐದರ ಮೇಲೆ ಪೇಟೆಯ ಒಳರಸ್ತೆಗಳಲ್ಲಿ ನಡೆದರೆ ಒಂದು ಮಹಡಿಯಿಂದ ಅಲಂಕಾರದ ಸ್ವರ, ಇನ್ನೊಂದರಿಂದ ತಾಳದ ಬಾಯಿಪಾಠ ಕೇಳುತ್ತದೆ. ಸಿದ್ದಾಪುರ, ಯಲ್ಲಾಪುರದಲ್ಲೂ ಪ್ರಮಾಣ ಸ್ವಲ್ಪ ಕಡಿಮೆಯಿದ್ದೀತು, ಉತ್ಸಾಹ ಕಡಿಮೆಯಿಲ್ಲ. ನನಗೆ ಇದು ದೊಡ್ಡ ಸಂತೋಷದ ವಿಷಯ. ಟ್ಯೂಷನ್ನಿನ ಹೊತ್ತಿನಲ್ಲಿ ಒಂದಿಷ್ಟನ್ನು ಹಾಡಿಗೆ ಬಿಟ್ಟುಕೊಡುವ ಅಪ್ಪ-ಅಮ್ಮಂದಿರು ಇರುವ ಊರು ಒಳ್ಳೆಯ ಊರೇ.

ಆದರೂ ಒಂದು ದೃಶ್ಯ ನನ್ನನ್ನು ಕಾಡುತ್ತದೆ. ತರಗತಿಯ ಮೆಟ್ಟಿಲ ಬುಡದಲ್ಲಿ ಸ್ಕೂಟರ್ ನಿಲ್ಲುತ್ತದೆ, ಮಗು ಇಳಿಯುತ್ತದೆ, ಸ್ಕೂಟರ್ ತಿರುಗಿ ಹೋಗುತ್ತದೆ. ಗಂಟೆ ಕಳೆದ ಮೇಲೆ ಅದೇ ಸ್ಕೂಟರ್ ಬಂದು ಹಾರ್ನ್ ಹಾಕುತ್ತದೆ. ನಡುವಿನ ಒಂದು ಗಂಟೆ ಮಹಡಿಯ ಮೇಲೆ ಏನಾಯಿತು ಎಂಬುದು ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಮಗು ಕಲಿತ ಪದ್ಯವನ್ನು ಮನೆಯಲ್ಲಿ ಹಾಡಿದರೆ ತಾಳ ತಪ್ಪಿತೋ ಸರಿಯಾಯಿತೋ ಹೇಳುವವರಿಲ್ಲ. ನಾನು ಈಗ ಹೇಳಹೊರಟದ್ದೆಲ್ಲ ಈ ಒಂದು ಗಂಟೆಯ ಸುತ್ತಲಿನ ಮಾತು. ಮಕ್ಕಳನ್ನು ಬಿಡಲು ಬಂದವರೂ ಒಳಗೆ ಬಂದು ಕೂರಬೇಕು ಎಂಬುದು ನನ್ನ ಆಸೆ.

ನಮ್ಮ ಕಡೆ ಮಕ್ಕಳ ಕಾರ್ಯಕ್ರಮ ಅಂತ ಬೇರೆಯೇ ಒಂದು ಇದ್ದದ್ದು ಕಡಿಮೆ. ಮಳೆ ಹಿಡಿದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಶಿರಸಿ, ಸಿದ್ದಾಪುರದ ಹಳ್ಳಿಮನೆಗಳ ಜಗಲಿಯಲ್ಲಿ ತಾಳಮದ್ದಳೆ ಕೂರುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಮದ್ದಳೆ, ಎದುರುಬದುರಾಗಿ ಅರ್ಥ ಹೇಳುವವರು, ನಡುವೆ ಕವಳದ ಹರಿವಾಣ. ಬಾಗಿಲ ಸಂದಿಯಲ್ಲಿ ಹೆಂಗಸರು, ಗೋಡೆಯ ಬದಿಗೆ ಕಂಬಳಿಯೊಳಗೆ ಮಕ್ಕಳು. ಕೃಷ್ಣ ಸಂಧಾನಕ್ಕೆ ಹೊರಡುವಾಗ ಎಚ್ಚರವಿದ್ದ ಮಗು ಕೌರವನ ಅರ್ಥ ಉದ್ದವಾಗುತ್ತಿದ್ದಂತೆ ನಿದ್ದೆ ಹೋಗುತ್ತಿತ್ತು, ನಡುರಾತ್ರಿಯ ಚಹಾದ ಲೋಟದ ಸದ್ದಿಗೆ ಮತ್ತೆ ಎದ್ದು ಕೂರುತ್ತಿತ್ತು. ‘ನಿಂಗೆ ಅರ್ಥ ಆತ?’ ಎಂದು ಯಾರೂ ಕೇಳುತ್ತಿರಲಿಲ್ಲ. ಮರುದಿನ ಶಾಲೆಯ ದಾರಿಯಲ್ಲಿ ಕೊಡೆ ಮಡಚಿದರೆ ಗದೆ, ಬಿಚ್ಚಿದರೆ ಶ್ವೇತಚ್ಛತ್ರ. ಸಂಧಿಯೂ ಸಮಾಸವೂ ತುಂಬಿದ ಆ ಮಾತುಗಳನ್ನು ಅವು ತೋಟದ ಸಂಕದ ಮೇಲೆ ನಿಂತು ಒಪ್ಪಿಸುತ್ತಿದ್ದವು. ಕಲಿಸಿದವರು ಯಾರು ಎಂದರೆ ಹೆಸರು ಹೇಳಲಾಗದು. ನಿದ್ದೆಯಲ್ಲೇ ಅರ್ಧ ಕಲಿತದ್ದು ಅದು.

ಅಡಿಕೆ ಕೊಯ್ಲಿನ ಕಾಲದಲ್ಲಿ ಇನ್ನೊಂದು ಶಾಲೆ ತೆರೆಯುತ್ತಿತ್ತು. ಅಂಗಳದಲ್ಲಿ ಮೆಟ್ಟುಗತ್ತಿಗಳ ಸಾಲು, ರಾತ್ರಿ ಊಟವಾದ ಮೇಲೂ ಅಡಿಕೆ ಸುಲಿತ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ ಬಾಯಿ ಬಿಡುವಾಗಿರುತ್ತದೆ. ಒಬ್ಬರು ಕಥೆ ತೆಗೆದರೆ ಇನ್ನೊಬ್ಬರು ಪದ ತೆಗೆಯುತ್ತಿದ್ದರು, ಜಗಲಿಯ ರೇಡಿಯೊದಲ್ಲಿ ಧಾರವಾಡ ಕೇಂದ್ರ ತನ್ನ ಪಾಡಿಗೆ ಹಾಡುತ್ತಿತ್ತು. ಈಗ ಸುಲಿಯುವ ಯಂತ್ರ ಬಂದಿದೆ. ಬರಬೇಕಾದದ್ದೇ, ಸುಲಿದು ಸುಲಿದು ಬೆರಳು ಸೀಳಿಕೊಂಡವರಿಗೆ ಅದರ ಬೆಲೆ ಗೊತ್ತು. ಯಂತ್ರದ ಸದ್ದಿನಲ್ಲಿ ಹಾಡು ಕೇಳುವುದಿಲ್ಲ ಎನ್ನುವುದೂ ಅಷ್ಟೇ ನಿಜ. ಕೆಲಸದ ಜೊತೆಗಿದ್ದ ಹಾಡು ಕೆಲಸ ಹೋದಾಗ ತಾನೂ ಹೋಯಿತು. ಅದಕ್ಕೆ ಬೇರೆ ಜಾಗ ಹುಡುಕುವ ಹೊಣೆ ನಮ್ಮ ಮೇಲೆ ಬಿತ್ತು.

ಮೇಳದ ಒಳಗೆ ಮಕ್ಕಳು ಹೇಗೆ ಕಲಿಯುತ್ತಿದ್ದರು ಎಂಬುದನ್ನೂ ನೆನೆಯಬೇಕು. ಹಿಂದೆ ರಾತ್ರಿಯಿಡೀ ಆಟ. ಮುಖ್ಯ ಪ್ರಸಂಗ ಶುರುವಾಗುವ ಮೊದಲು ಪೂರ್ವರಂಗ. ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿ ವೇಷ ಕಟ್ಟಬೇಕು, ಕೆಲಕಾಲ ಕಳೆದು ಬಾಲಗೋಪಾಲ, ಅಲ್ಲಿಂದ ಪೀಠಿಕೆಯ ಸ್ತ್ರೀವೇಷ, ಆಮೇಲೆ ಪ್ರಸಂಗದೊಳಗಿನ ಸಣ್ಣಪುಟ್ಟ ಪಾತ್ರ. ಅನುಭವಿ ಭಾಗವತರು ಇನ್ನೂ ವೇಷ ಕಟ್ಟುವ ಚೌಕಿಯಲ್ಲಿ ಕೂತು ಕವಳ ಹಾಕುತ್ತಿರುವಾಗ ಸಂಗೀತಗಾರರೆಂದು ಕರೆಯಲಾಗುವ ಕಲಿಕೆಯ ಭಾಗವತ ಪದ್ಯ ಹೇಳುತ್ತಿದ್ದ, ಕಲಿಕೆಯ ಹುಡುಗ ಕುಣಿಯುತ್ತಿದ್ದ. ಬೇಗ ಬಂದು ಚಾಪೆ ಹಾಸಿಕೊಂಡ ಪ್ರೇಕ್ಷಕರೇ ಪರೀಕ್ಷಕರು. ಹೆಜ್ಜೆ ತಪ್ಪಿದರೂ ಆಟ ನಿಲ್ಲುತ್ತಿರಲಿಲ್ಲ. ದೊಡ್ಡವರ ರಾತ್ರಿಯೊಳಗೆ ಹೊಸಬನಿಗೊಂದು ಗೊತ್ತಾದ ಜಾಗವಿತ್ತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಾಲಮಿತಿಯ ಪ್ರದರ್ಶನ ಬಂದ ಮೇಲೆ ಮೊದಲು ಕತ್ತರಿ ಬಿದ್ದದ್ದು ಈ ಜಾಗಕ್ಕೇ. ಘಟ್ಟದ ಕೆಳಗೆ ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು ಶ್ರೀಮಯ ಕಲಾಕೇಂದ್ರ ಕಟ್ಟಿ ಗುರುಕುಲದಂತೆ ಕಲಿಸಲು ಹೊರಟರು. ಅವರ ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಪಕ್ಕದಲ್ಲೇ ಇದ್ದದ್ದರಿಂದ ಅಲ್ಲಿ ಕಲಿತ ಹುಡುಗ ಮರುದಿನವೇ ರಂಗಸ್ಥಳ ಕಾಣಬಹುದಿತ್ತು.

ಇನ್ನೂ ದಕ್ಷಿಣಕ್ಕೆ, ಕುಂದಾಪುರ-ಉಡುಪಿಯ ಕಡೆ, ಹೂವಿನಕೋಲು ಎಂಬ ಚೆಂದದ ಪದ್ಧತಿ. ನವರಾತ್ರಿಯಲ್ಲಿ ಹುಡುಗರು ಭಾಗವತರು, ಮದ್ದಳೆಯವರ ಜೊತೆ ಮನೆಮನೆಗೆ ಹೋಗುತ್ತಾರೆ. ಕೈಯಲ್ಲಿ ಹೂವಿನಿಂದ ಅಲಂಕರಿಸಿದ ಕೋಲು, ಎದುರುಬದುರು ಕೂತು ಯಕ್ಷಗಾನದ ತುಣುಕೊಂದರ ಅರ್ಥ ಹೇಳುತ್ತಾರೆ, ಮನೆಯವರನ್ನು ಹರಸಿ ಮುಂದಿನ ಮನೆಗೆ ಹೊರಡುತ್ತಾರೆ. ಇಲ್ಲಿ ಮಕ್ಕಳು ವೇದಿಕೆಗೆ ಹೋಗುವುದಲ್ಲ, ಅಜ್ಜ ಅಜ್ಜಿ ಇರುವ ಜಗಲಿಗೇ ಮಕ್ಕಳು ಬರುವುದು. ನಮ್ಮ ಸಿದ್ದಾಪುರ, ಸಾಗರದ ಕಡೆ ದೀಪಾವಳಿಯ ರಾತ್ರಿ ದೀಪ ಹಿಡಿದು ಹಾಡುತ್ತ ಬರುವ ಅಂಟಿಗೆ-ಪಂಟಿಗೆಯವರ ಹಿಂದೆಯೂ ಮಕ್ಕಳ ಬಾಲ ಇದ್ದೇ ಇರುತ್ತಿತ್ತು. ನಾಲ್ಕು ಮನೆ ಸುತ್ತುವಷ್ಟರಲ್ಲಿ ಪಲ್ಲವಿ ಬಾಯಿಗೆ ಬರುತ್ತಿತ್ತು.

ಇದೆಲ್ಲ ಹಳ್ಳಿಯ ಮಾತಾಯಿತು, ಪೇಟೆಯ ಮಕ್ಕಳಿಗೇನಿತ್ತು ಎಂದು ಕೇಳಿದರೆ ನಾನು ಬೇಡರ ವೇಷದತ್ತ ಕೈ ತೋರಿಸುತ್ತೇನೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಬಂದರೆ ಬಿಡಕಿಬೈಲಿನಲ್ಲಿ ದೇವಿ, ಸುತ್ತ ನಾಟಕ ಕಂಪನಿ, ತೊಟ್ಟಿಲು, ಬಳೆ ಅಂಗಡಿ. ಜಾತ್ರೆಯಿಲ್ಲದ ವರ್ಷ ಹೋಳಿಯ ಮುಂಚಿನ ರಾತ್ರಿಗಳಲ್ಲಿ ಬೇಡರ ವೇಷ. ಊರು ಕಾಯಲು ನಿಂತ ಬೇಡನೊಬ್ಬ ಊರಿಗೇ ಕಂಟಕನಾದ, ರುದ್ರಾಂಬಿಕೆ ಎಂಬ ಹೆಣ್ಣು ಅವನ ಕಣ್ಣು ಕೆಡಿಸಿದಳು, ರೊಚ್ಚಿಗೆದ್ದು ಅವಳನ್ನು ಅರಸುತ್ತ ಬೀದಿಗಿಳಿದ ಆ ಬೇಡನೇ ಈ ವೇಷ ಎಂದು ಕಥೆ ಹೇಳುತ್ತಾರೆ. ಮುಖಕ್ಕೆ ಕೆಂಪು, ಬೆನ್ನಿಗೆ ನವಿಲುಗರಿಯ ದೊಡ್ಡ ಚಕ್ರ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ, ಕಾಲಿಗೆ ಗೆಜ್ಜೆ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದೆ ಇಬ್ಬರು ಜಗ್ಗಿ ಹಿಡಿದಿರುತ್ತಾರೆ. ತಮಟೆಯ ಪೆಟ್ಟು ಏರುತ್ತ ಹೋದಂತೆ ವೇಷ ಮುಂದಕ್ಕೆ ನುಗ್ಗುತ್ತದೆ, ಹಗ್ಗ ಹಿಂದಕ್ಕೆ ಎಳೆಯುತ್ತದೆ. ಇಡೀ ಕುಣಿತ ಇರುವುದು ಈ ಜಗ್ಗಾಟದಲ್ಲಿ.

ಒಂದೊಂದು ಕೇರಿಗೆ ಒಂದೊಂದು ವೇಷ. ಕುಣಿಯುವವನು ಒಬ್ಬನೇ ಆದರೂ ಅವನ ಹಿಂದೆ ಕೇರಿಗೆ ಕೇರಿಯೇ ಇರುತ್ತದೆ. ಗರಿ ಜೋಡಿಸುವವರು, ಬಣ್ಣ ಬರೆಯುವವರು, ತಮಟೆ ಕಾಯಿಸಲು ಕಾಗದ, ಹುಲ್ಲು ಒಟ್ಟುವವರು, ಹಗ್ಗ ಹಿಡಿಯುವವರು, ದಾರಿ ಬಿಡಿಸುವವರು. ಹೋಳಿ ದೂರವಿರುವಾಗಲೇ ರಾತ್ರಿ ತಾಲೀಮು ಶುರು. ಸುತ್ತ ನಿಂತ ಮಕ್ಕಳ ಕಾಲು ಸುಮ್ಮನಿರುವುದಿಲ್ಲ. ಮರುದಿನ ಸಂಜೆ ಓಣಿಯಲ್ಲಿ ಡಬ್ಬಿಯೇ ತಮಟೆ, ರಟ್ಟೇ ಗುರಾಣಿ, ಅಕ್ಕನ ವೇಲು ಸೊಂಟದ ಹಗ್ಗ. ಇತ್ತೀಚೆಗೆ ಮಕ್ಕಳೂ ವೇಷ ಕಟ್ಟುತ್ತಾರೆ. ಬಣ್ಣ ಬರೆಸಿಕೊಳ್ಳುವಾಗ ಗಂಟೆಗಟ್ಟಲೆ ಅಲುಗದೆ ಕೂರುವ ಹುಡುಗನನ್ನು ಕಂಡ ಶಾಲೆಯ ಮಾಸ್ತರರೊಬ್ಬರು ‘ಇವನೇನಾ ನಮ್ಮ ಕ್ಲಾಸಿನವ’ ಎಂದು ಬೆರಗಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಹುಡುಗನ ಪಕ್ಕದಲ್ಲಿ ಅವನಪ್ಪ ಬಣ್ಣದ ಬಟ್ಟಲು ಹಿಡಿದು ನಿಂತಿದ್ದ. ಸೋದರಮಾವ ಗೆಜ್ಜೆಯ ದಾರ ಬಿಗಿಯುತ್ತಿದ್ದ. ಶುಲ್ಕವಿಲ್ಲ, ಪ್ರಮಾಣಪತ್ರವಿಲ್ಲ. ಸಮುದಾಯ ಕಲೆ ಎಂದು ಇಂದು ದೊಡ್ಡ ನಗರಗಳಲ್ಲಿ ಯೋಜನೆ ಬರೆದು ಮಾಡುವುದನ್ನು ಶಿರಸಿಯ ಕೇರಿಗಳು ತಮ್ಮ ಖರ್ಚಿನಲ್ಲಿ, ತಮ್ಮ ಹುಮ್ಮಸ್ಸಿನಲ್ಲಿ ಮಾಡಿಕೊಂಡು ಬಂದಿವೆ.

ಹಳೆಯದೆಲ್ಲ ಚಿನ್ನ ಎಂದು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ತಾಳಮದ್ದಳೆಯ ಬಾಗಿಲ ಸಂದಿಯಲ್ಲಿ ನಿಂತ ಆ ಹೆಂಗಸರಿಗೆ ಪದ್ಯಗಳೆಲ್ಲ ಕಂಠಸ್ಥವಿದ್ದರೂ ಜಗಲಿಯಲ್ಲಿ ಕೂತು ಒಂದು ಅರ್ಥ ಹೇಳುವ ಅವಕಾಶ ಇರಲಿಲ್ಲ. ಹುಡುಗಿಯರು ಗೆಜ್ಜೆ ಕಟ್ಟುವುದಂತೂ ದೂರದ ಮಾತು. ಆ ಜಗಲಿಯ ಚಾಪೆ ಎಲ್ಲ ಜಾತಿಯ ಮಕ್ಕಳಿಗೂ ಸಮಾನವಾಗಿ ಹಾಸಿರಲೂ ಇಲ್ಲ. ಅಂಗಳದಲ್ಲೇ ನಿಂತು ಕೇಳಿ ಹೋದವರು ಎಷ್ಟೋ ಮಂದಿ. ಇಂದಿನ ಮಹಡಿಯ ತರಗತಿ ಈ ಎರಡು ಬಾಗಿಲನ್ನೂ ತೆರೆದಿದೆ. ಹೆಸರು ಬರೆಸಿದ ಯಾವ ಮಗುವಾದರೂ ಒಳಗೆ ಬರಬಹುದು. ಯಕ್ಷಗಾನದ ತರಗತಿಗಳಲ್ಲಂತೂ ಹುಡುಗಿಯರು ಎದ್ದು ಕಾಣುತ್ತಾರೆ. ಆದ್ದರಿಂದ ಮಹಡಿಯ ತರಗತಿ ಮುಚ್ಚಿ ಎಲ್ಲರೂ ಜಗಲಿಗೆ ಮರಳಿ ಎನ್ನುವುದು ನನ್ನ ವಾದವಲ್ಲ. ತೆರೆದ ಬಾಗಿಲಿನಿಂದ ಮಗುವಿನ ಹಿಂದೆಯೇ ಮನೆಯವರೂ ಒಳಗೆ ಬರಲಿ ಎನ್ನುವುದಷ್ಟೇ.

ಹೆಂಗಸರಿಗೆ ಅವರದೇ ಶಾಲೆಗಳಿದ್ದವು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಿದ್ದಾಪುರ, ಸಾಗರದ ದೀವರ ಮನೆಗಳಲ್ಲಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆ ಬಂದರೆ ಗದ್ದೆಗೆ ಚರಗ ಒಯ್ಯುವ ಭೂಮಣ್ಣಿ ಬುಟ್ಟಿಗೂ ಅದೇ ಚಿತ್ತಾರ. ಆ ಎಳೆಗಳು ಅಳತೆಪಟ್ಟಿಯಿಲ್ಲದೆ ನೇರ ಬರುವುದನ್ನು ನೋಡಬೇಕು. ಅಮ್ಮ ದೊಡ್ಡ ಎಳೆ ಎಳೆದರೆ ಮಗಳು ಒಳಗಿನ ಸಣ್ಣ ಎಳೆ ತುಂಬುತ್ತಾಳೆ. ತಪ್ಪಿದರೆ ಕೆಮ್ಮಣ್ಣು ಬಳಿದು ಮತ್ತೆ ಬರೆಯಬಹುದು. ಚಿತ್ರಕಲೆಯ ತರಗತಿಗೆ ಹೋಗಿ ಸೂರ್ಯ, ಗುಡ್ಡ, ತೆಂಗಿನಮರ ಬರೆಯುವ ನಮ್ಮ ಪೇಟೆಯ ಮಕ್ಕಳನ್ನು ವರ್ಷಕ್ಕೊಂದು ಸಲವಾದರೂ ಇಂಥ ಗೋಡೆಯ ಎದುರು ಕೂರಿಸಬಾರದೇ?

ಶಿರಸಿಯ ಸಭಾಭವನವೊಂದರ ಮಹಡಿಯಲ್ಲಿ ನಡೆಯುವ ಯಕ್ಷಗಾನ ತರಗತಿಗೆ ಒಮ್ಮೆ ಹೋಗಿ ಕೂತಿದ್ದೆ. ಶಾಲೆಯಿಂದ ನೇರ ಬಂದ ಮಕ್ಕಳು, ಸೊಂಟಕ್ಕೆ ಬಿಗಿದ ವೇಲು, ಟವೆಲ್ಲು. ಗುರುಗಳು ಬೆಂಚಿನ ಅಂಚಿಗೆ ಕೋಲಿನಿಂದ ತಾಳ ಹಾಕುತ್ತ ‘ತಿತ್ತಿತ್ತೈ’ ಎನ್ನುತ್ತಿದ್ದರು. ಎರಡನೆಯ ಸಾಲಿನ ಹುಡುಗಿಯೊಬ್ಬಳ ಬಲಗಾಲು ಪ್ರತಿ ಸಲ ಅರ್ಧ ಪೆಟ್ಟು ತಡ. ಗುರುಗಳು ಎರಡು ಸಲ ತಿದ್ದಿದರು, ಮೂರನೆಯ ಸಲ ಮುಂದೆ ಹೋದರು. ಮೂವತ್ತು ಮಕ್ಕಳನ್ನು ಒಬ್ಬರೇ ನೋಡಬೇಕಲ್ಲ. ಕಿಟಕಿಯ ಬಳಿ ಕೂತಿದ್ದ ಅವಳ ಅಜ್ಜಿ ಮಾತ್ರ ಬಿಡಲಿಲ್ಲ. ಸೀರೆಯ ನೆರಿಗೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಮೊಮ್ಮಗಳ ಕಣ್ಣು ತನ್ನತ್ತ ತಿರುಗಿದಾಗಲೆಲ್ಲ ಗಲ್ಲ ಎತ್ತಿ ‘ಈಗ’ ಎಂಬಂತೆ ಸನ್ನೆ ಮಾಡಿದರು. ತರಗತಿ ಮುಗಿಯುವ ಹೊತ್ತಿಗೆ ಕಾಲು ಕೂಡಿಕೊಂಡಿತು. ಅಜ್ಜಿ ಜೀವನದಲ್ಲಿ ಒಂದು ಹೆಜ್ಜೆ ಕುಣಿದವರಲ್ಲ. ಬಾಗಿಲ ಸಂದಿಯಿಂದ ಕೇಳಿದ ತಾಳವನ್ನೆಲ್ಲ ಬೆರಳಲ್ಲಿ ಇಟ್ಟುಕೊಂಡವರು. ಗುರುಗಳು ಅದನ್ನು ಗಮನಿಸಿ ಎರಡನೆಯ ಜೊತೆ ತಾಳವನ್ನು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ನಾಚಿಕೊಂಡು ತೆಗೆದುಕೊಂಡರು, ಆದರೆ ಏಕತಾಳ ಬಿಡದೆ ಹಾಕಿದರು. ಅಲ್ಲಿದ್ದ ಮಕ್ಕಳೆಲ್ಲ ಆ ಅಜ್ಜಿಯನ್ನು ಬೇರೆ ಕಣ್ಣಿನಿಂದ ನೋಡಲಾರಂಭಿಸಿದರು. ನಾನು ಬಯಸುವ ಮಕ್ಕಳ ಕಾರ್ಯಕ್ರಮ ಇದು.

ಗುರುಗಳ ಮಾತು ಬಂದಾಗ ಹೊಸ್ತೋಟ ಮಂಜುನಾಥ ಭಾಗವತರನ್ನು ನೆನೆಯದೆ ಮುಂದೆ ಹೋಗಲಾರೆ. ಶಿರಸಿ ಸೀಮೆಯಲ್ಲಿ ಹುಟ್ಟಿ, ಊರಿಂದೂರಿಗೆ ಹೋಗಿ ಯಕ್ಷಗಾನ ಕಲಿಸುತ್ತ ಬಾಳಿದವರು. 2020ರ ಜನವರಿಯಲ್ಲಿ ತೀರಿಕೊಂಡರು. ನೂರಾರು ಪ್ರಸಂಗ ಬರೆದರು ಎನ್ನುವುದು ಒಂದು ಕಡೆ, ಶಿವಮೊಗ್ಗದಲ್ಲಿ ಅಂಧ ಮಕ್ಕಳಿಗೆ ಯಕ್ಷಗಾನ ಕಲಿಸಿ ಅವರ ತಂಡವನ್ನೇ ರಂಗಸ್ಥಳಕ್ಕೆ ತಂದರು ಎನ್ನುವುದು ಇನ್ನೊಂದು ಕಡೆ. ನನಗೆ ಎರಡನೆಯದೇ ಹೆಚ್ಚು ತೂಕದ್ದು. ಯಕ್ಷಗಾನ ಕಲಿಸುವಾಗ ನಾವು ಆಡುವ ಮಾತುಗಳಲ್ಲಿ ಅರ್ಧ ‘ಇಲ್ಲಿ ನೋಡು, ಹೀಗೆ’ ಎಂಬುದು. ಕಣ್ಣಿಲ್ಲದ ಮಗುವಿನ ಮುಂದೆ ಆ ಮಾತು ಉಪಯೋಗಕ್ಕೆ ಬಾರದು. ಕೈ ಹಿಡಿದು, ಭುಜ ತಿರುಗಿಸಿ, ಪಾದ ಮುಟ್ಟಿ, ಚಂಡೆ ಯಾವ ದಿಕ್ಕಿನಿಂದ ಕೇಳುತ್ತದೆ ಎಂಬುದರ ಮೇಲೆ ರಂಗಸ್ಥಳದ ಅಳತೆ ಕಲಿಸಬೇಕು. ಅಷ್ಟು ಹತ್ತಿರಕ್ಕೆ ಬಂದು ಕಲಿಸಲು ಎಂಥ ತಾಳ್ಮೆ, ಎಂಥ ಪ್ರೀತಿ ಬೇಕು! ಭಾಗವತರಿಗೆ ಅವೆರಡೂ ಇದ್ದವು. ಸಂಸಾರ ಕಟ್ಟಿಕೊಳ್ಳದ ಆ ಮನುಷ್ಯನಿಗೆ ನಾಡಿನ ತುಂಬ ಮಕ್ಕಳಾದರು.

1975ರಲ್ಲಿ ಸಾಲಿಗ್ರಾಮದಲ್ಲಿ ಕಾರ್ಕಡ ಶ್ರೀನಿವಾಸ ಉಡುಪರು ಮತ್ತು ಎಚ್. ಶ್ರೀಧರ ಹಂದೆಯವರು ಮಕ್ಕಳ ಮೇಳ ಕಟ್ಟಿದರು. ಮಕ್ಕಳೇ ಪೂರ್ತಿ ಆಟ ಆಡಬಹುದು, ಅದೂ ಸಂಪ್ರದಾಯದ ಬಿಗಿ ಬಿಡದೆ, ಎಂದು ತೋರಿಸಿಕೊಟ್ಟ ಮೇಳ ಅದು. ಅದೇ 1975ರಲ್ಲಿ ವೆನೆಜುವೆಲಾದ ರಾಜಧಾನಿ ಕರಾಕಾಸಿನಲ್ಲಿ ಹೋಸೆ ಅಂತೋನಿಯೊ ಅಬ್ರೆವು ಎಂಬವರು ಒಂದು ಗ್ಯಾರೇಜಿನಲ್ಲಿ ಬೆರಳೆಣಿಕೆಯ ಎಳೆಯರನ್ನು ಸೇರಿಸಿ ವಾದ್ಯವೃಂದ ಶುರು ಮಾಡಿದರು. ಅದು ಎಲ್ ಸಿಸ್ತೇಮಾ ಎಂಬ ಹೆಸರಿನಲ್ಲಿ ಬೆಳೆದು ಬಡ ಬಡಾವಣೆಗಳ ಲಕ್ಷಾಂತರ ಮಕ್ಕಳಿಗೆ ಪಿಟೀಲು, ತುತ್ತೂರಿ ಕೊಟ್ಟಿತು, ಹಲವು ದೇಶಗಳು ಅದನ್ನು ಅನುಸರಿಸಿದವು. ಸಾಲಿಗ್ರಾಮಕ್ಕೂ ಕರಾಕಾಸಿಗೂ ಏನೂ ಸಂಬಂಧವಿಲ್ಲ. ಆದರೂ ಎರಡೂ ಕಡೆ ಮಗುವನ್ನು ಒಂಟಿಯಾಗಿ ಕೂರಿಸಿ ಕಲಿಸದೆ ಮೊದಲ ದಿನದಿಂದಲೇ ಗುಂಪಿನೊಳಗೆ ಸೇರಿಸಿದರು. ಯಕ್ಷಗಾನದ ಮಗುವಿಗೆ ಪಕ್ಕದ ವೇಷಧಾರಿಯ ಹೆಜ್ಜೆ, ವಾದ್ಯವೃಂದದ ಮಗುವಿಗೆ ಪಕ್ಕದವನ ಕಮಾನು. ಗುಂಪಿನಲ್ಲಿದ್ದಾಗ ಮಗು ತಪ್ಪಲು ಹೆದರುವುದಿಲ್ಲ; ಕೇಳಿಸಿಕೊಳ್ಳುವುದನ್ನೂ ಕಲಿಯುತ್ತದೆ.

ಯಲ್ಲಾಪುರದ ಕಡೆ ಬರೋಣ. ಮಂಚಿಕೇರಿ ಚಿಕ್ಕ ಊರು. ನಾಟಕದ ಮಟ್ಟಿಗೆ ಚಿಕ್ಕದೆನ್ನಲು ಬಾಯಿ ಬಾರದು. ಸಿದ್ದಾಪುರದಿಂದ ಸಾಗರ ದಾಟಿದರೆ ಸಿಗುವ ಹೆಗ್ಗೋಡಿನ ನೀನಾಸಂ, 1949ರಲ್ಲಿ ಹಳ್ಳಿಗರ ಹವ್ಯಾಸಿ ಸಂಘವಾಗಿ ಹುಟ್ಟಿದ್ದು, 1980ರ ಹೊತ್ತಿಗೆ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಿಂದ ತಿರುಗಾಟದ ನಾಟಕಗಳನ್ನು ನಮ್ಮ ಊರುಗಳಿಗೆ ತಂದಿತು. ಎಂಬತ್ತರ ದಶಕದಲ್ಲಿ ನೀನಾಸಂನ ಚಿದಂಬರರಾವ್ ಜಂಬೆಯವರು ಮಂಚಿಕೇರಿ ಸುತ್ತಲಿನ ಸಿದ್ದಿ ಜನರೊಂದಿಗೆ ನಾಟಕ ಮಾಡಿದರು. ಆರಿಸಿಕೊಂಡದ್ದು ನೈಜೀರಿಯಾದ ಚಿನುವಾ ಅಚಿಬೆಯ ಮೊದಲ ಕಾದಂಬರಿಯ ಕಥೆ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದು ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲೆಯ ಕಾಡಂಚಿನಲ್ಲಿ ನೆಲೆ ನಿಂತವರು, ಆಫ್ರಿಕಾದ ಹಳ್ಳಿಯೊಂದರ ಕಥೆಯನ್ನು ಕನ್ನಡದಲ್ಲಿ ಆಡಿದರು. ಕಾಡಿನ ಮನೆಗಳ ಅಂಗಳದಲ್ಲಿ ಡಮಾಮಿ ಬಾರಿಸಿ ಹಾಡುವ, ಹೆಂಗಸರು ಫುಗಡಿ ಕುಣಿಯುವ ಜನರಿಗೆ ರಂಗದ ಮೇಲೆ ಕೈ ಕಾಲು ಆಡಿಸಲು ಹೊಸದಾಗಿ ಕಲಿಸಬೇಕಿರಲಿಲ್ಲ. ಮುಂದೆ ಈ ಸಮುದಾಯದಿಂದ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿದ ಪರಶುರಾಮ ಸಿದ್ದಿ ಬಂದರು, ನಟಿ-ಗಾಯಕಿ ಗಿರಿಜಾ ಸಿದ್ದಿ ಬಂದರು, ನೀನಾಸಂನಿಂದ ಸಿನಿಮಾಕ್ಕೆ ಹೋದ ಪ್ರಶಾಂತ್ ಸಿದ್ದಿ ಬಂದರು. ಅಪ್ಪನೋ ದೊಡ್ಡಪ್ಪನೋ ನಾಟಕದಲ್ಲಿ ಮಾತಾಡುವುದನ್ನು ಕಂಡ ಮಗುವಿಗೆ ರಂಗ ಎಂದರೆ ಬೇರೆಯವರ ಜಾಗ ಎನ್ನಿಸುವುದಿಲ್ಲ. ದೊಡ್ಡವರೊಂದಿಗೆ ಮಾಡಿದ ಕೆಲಸ ಮಕ್ಕಳಿಗೂ ಮಾಡಿದ ಕೆಲಸವೇ ಆಯಿತು.

ಸಂಗೀತದ ಮಟ್ಟಿಗೂ ಯಲ್ಲಾಪುರ ಸೀಮೆಗೆ ಒಂದು ಪುಣ್ಯವಿದೆ. ಹುಬ್ಬಳ್ಳಿ ಇಲ್ಲಿಂದ 70 ಕಿಲೋಮೀಟರು. ಹುಬ್ಬಳ್ಳಿ-ಧಾರವಾಡದ ಖಯಾಲು ಘಟ್ಟದ ಕಾಡಿಗೆ ಸುಲಭವಾಗಿ ಇಳಿದು ಬಂತು. ಹಾಸಣಗಿಯ ಗಣಪತಿ ಭಟ್ಟರು ಬಸವರಾಜ ರಾಜಗುರುಗಳಲ್ಲಿ ಕಲಿತು, ದೇಶವೆಲ್ಲ ಹಾಡಿ, ಅಡಿಕೆ ತೋಟದ ನಡುವಿನ ತಮ್ಮ ಊರಿನಲ್ಲೇ ಉಳಿದರು. ಶಿರಸಿಯಲ್ಲಿ ಇಂದು ಇಷ್ಟು ಮಕ್ಕಳು ತಂಬೂರಿಯ ಮುಂದೆ ಕೂರುತ್ತಿದ್ದರೆ ಇಂಥ ಕಲಾವಿದರು ಊರು ಬಿಡದೆ ಇದ್ದದ್ದೂ ಕಾರಣ. ಬೈಠಕ್ಕು ನಡೆದಾಗ ಮಾತ್ರ ಕೇಳುವವರಲ್ಲಿ ತಲೆ ನರೆತವರೇ ಹೆಚ್ಚು. ಹಾಡಲು ಕಲಿಯುವ ಮಕ್ಕಳು ಬೇರೆಯವರು ಹಾಡುವುದನ್ನು ಕೇಳಲು ಬರುವುದಿಲ್ಲ, ಏಕೆಂದರೆ ಮರುದಿನ ಶಾಲೆ. ಬಡೇ ಖಯಾಲು ವಿಲಂಬಿತದಲ್ಲಿ ನಿಧಾನ ಬಿಚ್ಚಿಕೊಳ್ಳುವುದನ್ನು ಒಮ್ಮೆಯೂ ಎದುರು ಕೂತು ಕೇಳದ ಮಗು ಪರೀಕ್ಷೆಗೆ ಹತ್ತು ತಾನ ಬಾಯಿಪಾಠ ಮಾಡುವುದು ನನಗೆ ಸಂಕಟ ತರುತ್ತದೆ. ಕಲಿಕೆಯ ಅರ್ಧ ಭಾಗ ಕೇಳ್ಮೆ. ಅದನ್ನು ಶುಲ್ಕ ಕೊಟ್ಟು ಮಾಡಿಸಲು ಬರುವುದಿಲ್ಲ, ಜೊತೆಗೆ ಕೂತು ಮಾಡಬೇಕು. ಶನಿವಾರ ರಾತ್ರಿ ಇಟ್ಟುಕೊಂಡರೆ ಮರುದಿನ ಶಾಲೆಯ ತೊಂದರೆಯೂ ಇಲ್ಲ.

ಈಗ ಬೆಂಗಳೂರು. ನಮ್ಮ ಮೂರೂ ತಾಲೂಕುಗಳ ಮನೆಗಳಲ್ಲಿ ಅಜ್ಜ ಅಜ್ಜಿ ಇಲ್ಲಿ, ಮೊಮ್ಮಕ್ಕಳು ಅಲ್ಲಿ. ವಿಚಿತ್ರವೆಂದರೆ ಯಕ್ಷಗಾನದ ಹೆಜ್ಜೆಗಾಗಿ ಹಂಬಲಿಸುವುದು ಊರಿನವರಿಗಿಂತ ಅಲ್ಲಿನವರೇ ಹೆಚ್ಚು. ಯಕ್ಷದೇಗುಲದಂಥ ತಂಡಗಳು ನಗರದ ಮಕ್ಕಳಿಗೆ ಕಲಿಸುತ್ತ ಬಂದಿವೆ. ಭಾನುವಾರದ ತರಗತಿಗೆ ಅಪ್ಪ-ಅಮ್ಮ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕಳೆದು ಬರುತ್ತಾರೆ, ಮತ್ತೆ ಹೋಗಿ ಬರುವಷ್ಟು ಹೊತ್ತಿಲ್ಲದ್ದರಿಂದ ಅಲ್ಲೇ ಕೂರುತ್ತಾರೆ. ಹಾಗೆ ಕೂತದ್ದರಿಂದ ಎಷ್ಟು ಒಳ್ಳೆಯದಾಯಿತು! ಕೆಲವು ಅಮ್ಮಂದಿರು ಮಕ್ಕಳ ಹಿಂದಿನ ಸಾಲಿನಲ್ಲಿ ತಾವೂ ಹೆಜ್ಜೆ ಹಾಕಲಾರಂಭಿಸಿದರು, ಕೆಲವು ಅಪ್ಪಂದಿರು ಮದ್ದಳೆ ಹಿಡಿದರು. ದೂರ ಇದ್ದದ್ದೇ ಅವರನ್ನು ಚಾಪೆಯ ಮೇಲೆ ಕೂರಿಸಿತು. ಶಿರಸಿಯಲ್ಲಿ ಮನೆ ಹತ್ತು ನಿಮಿಷದ ದಾರಿ, ಅದಕ್ಕೇ ಸ್ಕೂಟರ್ ತಿರುಗಿಬಿಡುತ್ತದೆ. ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದ ಕಾಲದಿಂದ, ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸಿಕೊಂಡು ಬರುವವರೆಗೆ, ನಗರಗಳ ಮಕ್ಕಳಿಗಾಗಿ ಒಳ್ಳೆಯ ಕೆಲಸ ಬಹಳ ಆಗಿದೆ. ನಮ್ಮಂಥ ಸಣ್ಣ ಪೇಟೆಗಳಿಗೆ ಅಷ್ಟು ದೊಡ್ಡ ಸಂಸ್ಥೆ ಬೇಕಿಲ್ಲ. ನಮ್ಮಲ್ಲಿ ಜನ ಇದ್ದಾರೆ, ಜಗಲಿ ಇನ್ನೂ ಇದೆ.

ಸ್ಪರ್ಧೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಶಾಲೆಗಳ ಪ್ರತಿಭಾ ಕಾರಂಜಿಯಿಂದ ಬೆಳಕಿಗೆ ಬಂದ ಹಳ್ಳಿಯ ಮಕ್ಕಳು ಎಷ್ಟೋ. ಆದರೆ ಕಲೆ ಎಂದರೆ ಕೊಟ್ಟ ಕೆಲವು ನಿಮಿಷದಲ್ಲಿ ಮುಗಿಸಿ ಸ್ಥಾನ ಗಳಿಸುವುದು ಎಂಬ ಲೆಕ್ಕ ಮನೆಗಳಿಗೆ ಹೊಕ್ಕಿದೆ. ಬಹುಮಾನ ಬಾರದ ಮಗು ಮುಂದಿನ ವರ್ಷ ಹಾಡುವುದಿಲ್ಲ. ಎಲ್ಲರೂ ಕಲಾವಿದರಾಗಬೇಕಿಲ್ಲ. ಭಾಗವತರ ಹಿಂದೆ ಕೂತು ಶ್ರುತಿಪೆಟ್ಟಿಗೆ ಒತ್ತುವವರು, ಕೇದಗೆ ಮುಂದಲೆ ಕಟ್ಟಲು ಕೈ ಕೊಡುವವರು, ಚೌಕಿಯಲ್ಲಿ ಬಣ್ಣ ಅರೆಯುವವರು, ಮುಂದಿನ ಸಾಲಿನಲ್ಲಿ ಕೂತು ಸರಿಯಾದ ಜಾಗದಲ್ಲಿ ತಲೆದೂಗುವವರು ಇವರೆಲ್ಲ ಇದ್ದಾಗ ಆಟ ಆಗುತ್ತದೆ. ಆ ಜಾಗಗಳಿಗೆ ಸ್ಪರ್ಧೆಯಿಲ್ಲ, ಬಹುಮಾನವೂ ಇಲ್ಲ, ಆದ್ದರಿಂದ ಅಲ್ಲಿ ಮಕ್ಕಳನ್ನು ಕೂರಿಸಬೇಕು ಎಂದು ಯಾರಿಗೂ ಹೊಳೆಯುತ್ತಿಲ್ಲ.

ನನ್ನ ಬೇಡಿಕೆ ಸಣ್ಣದು. ತರಗತಿ ನಡೆಸುವವರು ವಾರದಲ್ಲಿ ಒಂದು ದಿನ ಪ್ರತಿ ಮಗುವಿನ ಮನೆಯಿಂದ ಒಬ್ಬರು ಕೂರಲೇಬೇಕು ಎಂದು ಹೇಳಲಿ, ಅವರ ಕೈಗೆ ತಾಳ ಕೊಡಲಿ. ಬೇಸಿಗೆ ಶಿಬಿರದ ಕೊನೆಯ ದಿನ ಮಕ್ಕಳ ನಾಟಕಕ್ಕೆ ಅಪ್ಪ-ಅಮ್ಮ ಮೊಬೈಲು ಹಿಡಿದು ನಿಲ್ಲುವ ಬದಲು ಪರದೆ ಹಿಡಿಯಲಿ. ಮಳೆಗಾಲದ ತಾಳಮದ್ದಳೆಗೆ ಜಗಲಿ ಕೊಡುವ ಮನೆಯವರು ಮೊದಲ ಅರ್ಧ ಗಂಟೆಯನ್ನು ಮಕ್ಕಳಿಗೆ ಬಿಟ್ಟುಕೊಡಲಿ. ಅದೇ ಭಾಗವತರು, ಅದೇ ಮದ್ದಳೆ, ಅದೇ ಕೇಳುಗರು ಇರಬೇಕು. ಮಕ್ಕಳದೆಂದು ಬೇರೆ ದಿನ, ಬೇರೆ ಹಿಮ್ಮೇಳ ಬೇಡ. ಲವಕುಶರ ಕಾಳಗ ಇಟ್ಟುಕೊಂಡರೆ ಒಳ್ಳೆಯದು. ಲವನಿಗೂ ಕುಶನಿಗೂ ಮಕ್ಕಳು ಸಿಕ್ಕೇ ಸಿಗುತ್ತಾರೆ. ಸೀತೆಯ ಅರ್ಥ ಅಜ್ಜಿಯೋ ಅಮ್ಮನೋ ಹೇಳಲಿ. ರಾಮನ ಪಾತ್ರ ಒಪ್ಪಿಕೊಳ್ಳುವ ಅಪ್ಪ ಮಾತ್ರ ಒಂದು ತಿಂಗಳು ಮೊದಲೇ ಪದ್ಯ ಓದಿಕೊಳ್ಳಲು ಶುರು ಮಾಡಬೇಕು.